ಮಂಗಳ ಹಾಡದ ಸಪ್ತಾಹ

ಬೆಂಕಿಕಡ್ಡಿ ಗೀರಿದ ಸದ್ದು. ಒಂದೇ ಸಲ, ಚರ್ರೆಂದು. ಅಷ್ಟೇ.

ಆಶಾಲತಾ ಕಣ್ಣು ಬಿಟ್ಟಳು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಹನ್ನೆರಡು ದಿನ ಕಳೆದಿತ್ತು. ಈ ಹನ್ನೆರಡು ರಾತ್ರಿಗಳಲ್ಲಿ ಅವಳ ಕಿವಿ ಬಹಳ ಕಲಿತಿತ್ತು. ರಸ್ತೆಯಲ್ಲಿ ಹೋದದ್ದು ಜೀಪೋ ಟ್ರಕ್ಕೋ, ಗೇಟು ಅಲುಗಿದ್ದು ಗಾಳಿಗೋ ಮನುಷ್ಯರ ಕೈಗೋ, ಮಲಗಿದಲ್ಲೇ ಗೊತ್ತಾಗುತ್ತಿತ್ತು. ಆದರೆ ಇದು ಮನೆಯೊಳಗಿನ ಸದ್ದು. ಪಕ್ಕದಲ್ಲಿ ಗಂಡ ಪುರಂದರ ಗೊರಕೆ ಹೊಡೆಯುತ್ತಿದ್ದ. ಹದಿನೈದರ ಮಗಳು ನವ್ಯಶ್ರೀ ಮಗ್ಗುಲು ಬದಲಿಸಿದಳು. ಆಶಾಲತಾ ಬರಿಗಾಲಲ್ಲಿ ಹೋಗಿ ಭಜನೆ ಕೋಣೆಯ ಬಾಗಿಲ ಸಂದಿಯಿಂದ ಇಣುಕಿದಳು.

ಅತ್ತೆ ಕಲ್ಯಾಣಿಯಮ್ಮ ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಉರಿಯುವ ಕಡ್ಡಿ. ದೀಪದ ಬತ್ತಿ ಕಪ್ಪಗಿತ್ತು. ಕಡ್ಡಿ ತಾಗಿಸಿದಾಗ ಹೊತ್ತಿಕೊಂಡಿತು, ಸ್ವಲ್ಪ ತಡವರಿಸಿತು, ಆಮೇಲೆ ನೆಟ್ಟಗೆ ನಿಂತಿತು. ಅತ್ತೆ ಕಡ್ಡಿ ಆರಿಸಿ, ಸುಟ್ಟ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಕಸದ ಬುಟ್ಟಿಗೆ ಹಾಕಲಿಲ್ಲ.

ಆಶಾಲತಾ ಸದ್ದಿಲ್ಲದೆ ಬಂದು ಮಲಗಿದಳು. ನಿದ್ದೆ ಮಾತ್ರ ಬರಲಿಲ್ಲ. ಹದಿನಾಲ್ಕು ವರ್ಷದಿಂದ ಒಮ್ಮೆಯೂ ನಂದಿಲ್ಲ ಎಂದು ನಲವತ್ತು ಮನೆಯವರು ನಂಬಿಕೊಂಡ ದೀಪ ಅದು.

ಕುವೈತಿನ ಫಿಂಟಾಸಿನಲ್ಲಿ, ಸಮುದ್ರದ ಬದಿಯ ಆ ಮನೆ ಬಹಳ ಹಳೆಯದು. ಹವಳಗಲ್ಲಿನ ದಪ್ಪ ಗೋಡೆ, ಕಾಂಡ್ಲಾ ಮರದ ಗಳುಗಳ ಮೇಲೆ ಮಣ್ಣಿನ ಮಾಳಿಗೆ, ಅಂಗಳದಲ್ಲಿ ಒಂದು ಬೋರೆ ಮರ. ಎಣ್ಣೆಯ ದುಡ್ಡು ಬರುವ ಮೊದಲು ಮನೆಯ ಯಜಮಾನ ಮಂಜಿ ಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಮಂಗಳೂರಿಗೆ ಹೋಗಿ, ಮರ, ಹಂಚು ತುಂಬಿಕೊಂಡು ಬರುತ್ತಿದ್ದ. ಒಂದು ಸಲ ಹಂಚಿನ ಜೊತೆ ಮಲ್ಪೆಯ ಮಂಜಿ ಮೇಸ್ತ್ರಿಯೊಬ್ಬರನ್ನೂ ಕರೆತಂದ. ಅವರೇ ಆಶಾಲತಾಳ ಮಾವ. ಅಂಗಳದ ಬದಿಗೆ ಮಂಗಳೂರು ಹಂಚಿನ ಇಳಿಮಾಡು ಕಟ್ಟಿದ್ದು ಅವರೇ. ಯಜಮಾನ ತೀರಿಕೊಂಡ ಮೇಲೆ ಅವನ ಹೆಂಡತಿ ಉಮ್ ಸಾಲಿಂ ಮುಂದುಗಡೆ ಹೊಸ ಬಂಗಲೆ ಕಟ್ಟಿಸಿಕೊಂಡಳು, ಹಳೆ ಮನೆಯನ್ನು ಮೇಸ್ತ್ರಿಯ ಸಂಸಾರಕ್ಕೆ ಬಿಟ್ಟಳು. "ಇದನ್ನು ಕೆಡವಬೇಡ, ಇದರಲ್ಲಿ ಇರು," ಎಂದಷ್ಟೇ ಅವಳ ಕರಾರು.

ಪ್ರತಿ ಡಿಸೆಂಬರಿನಲ್ಲಿ ಆ ಮನೆ ಊರಾಗುತ್ತಿತ್ತು. ಅಬ್ಬಾಸಿಯಾದಿಂದ, ರಿಗ್ಗೈಯಿಂದ ನಲವತ್ತು ಸಂಸಾರಗಳು ಹಾಸಿಗೆ, ಸ್ಟವ್, ಕೊಪ್ಪರಿಗೆ ಸಮೇತ ಬಂದು ಅಂಗಳದಲ್ಲಿ ಗುಡಾರ ಹಾಕುತ್ತಿದ್ದರು. ಏಳು ದಿನ, ಏಳು ರಾತ್ರಿ ಭಜನಾ ಸಪ್ತಾಹ. ಹೊರಗೆ ಕೇಳಿಸಬಾರದೆಂದು ತಾಳಗಳಿಗೆ ಹಳೆ ಪಂಚೆಯ ತುಂಡು ಸುತ್ತುತ್ತಿದ್ದರು. ಹಾಗಾಗಿ ಅಲ್ಲಿಯ ಮಕ್ಕಳಿಗೆ ತಾಳವೆಂದರೆ ಝಣ್ ಅಲ್ಲ, ಮೆತ್ತಗೆ ತಪ್ ತಪ್. ರಿಗ್ಗೈಯ ಎಂಜಿನಿಯರ್ ರಾಜಗೋಪಾಲರು ಹಾರ್ಮೋನಿಯಂ ಹಿಡಿಯುತ್ತಿದ್ದರು. ಅವರ ಹೆಂಡತಿ ಚಂದ್ರಪ್ರಭಾ ಮೈಸೂರಿನ ಪುಳಿಯೋಗರೆ ಕಲಸುತ್ತಿದ್ದರು. ಮಕ್ಕಳು ಇಳಿಮಾಡಿನ ಕೆಳಗೆ ಒಂದೇ ಜಮಖಾನದಲ್ಲಿ ಸಾಲಾಗಿ ಮಲಗಿ, ಬೋರೆ ಹಣ್ಣಿನ ಬೀಜವನ್ನು ಒಬ್ಬರ ಮೇಲೊಬ್ಬರು ಉಗುಳಿ ನಗುತ್ತಿದ್ದರು.

ಮೊದಲನೇ ಸಪ್ತಾಹದ ಆರನೇ ದಿನ ಮಾವ ತಾಳ ಕೆಳಗಿಟ್ಟು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಸೂತಕ ಬಂತು. ಏಳನೇ ದಿನದ ಮಂಗಳ ಹಾಡಲಿಲ್ಲ. ಮಂಗಳ ಹಾಡದೆ ಸಪ್ತಾಹದ ದೀಪ ಆರಿಸುವ ಹಾಗಿಲ್ಲ. ಮರುವರ್ಷ ಮಂಗಳದ ಮಾತೆತ್ತಿದಾಗ ಅತ್ತೆ, "ಅವರು ಶುರು ಮಾಡಿದ್ದು. ಮುಗಿಸುವ ಅವಸರ ಯಾರಿಗುಂಟು?" ಅಂದರು. ಯಾರೂ ಎದುರಾಡಲಿಲ್ಲ. ಲೆಕ್ಕಕ್ಕೆ ಹಿಡಿದರೆ ಆ ಸಪ್ತಾಹ ಇನ್ನೂ ನಡೆಯುತ್ತಲೇ ಇತ್ತು. ಮಕ್ಕಳಿಗೆ ಜ್ವರ ಬಂದರೆ ಕಲ್ಯಾಣಿಯಕ್ಕನ ದೀಪದ ಎಣ್ಣೆ, ವೀಸಾ ತಡವಾದರೆ ಕಲ್ಯಾಣಿಯಕ್ಕನ ದೀಪಕ್ಕೆ ಹರಕೆ.

ಆಗಸ್ಟ್ ಮುಗಿಯುವ ಹೊತ್ತಿಗೆ ಪುರಂದರನ ತಮ್ಮ ಸುಕೇಶ ಹಾಸಿಗೆ ಸುತ್ತಿಕೊಂಡು ಬಂದ. ಅಬ್ಬಾಸಿಯಾದಲ್ಲಿ ಅವನು ಕೆಲಸಕ್ಕಿದ್ದ ಹೋಟೆಲು ಮುಚ್ಚಿತ್ತು. ಪುರಂದರನ ಗೋದಾಮು ಖಾಲಿಯಾಗಿತ್ತು. ಸಮುದ್ರದಂಡೆಯಲ್ಲಿ ಸೈನಿಕರು ಕಂದಕ ತೋಡಿದ್ದರಿಂದ ಮೀನೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಬೇಳೆ ಸಾರು ಬಡಿಸಿದಾಗ ಸುಕೇಶ ಸೌಟನ್ನೇ ನೋಡಿದ.

"ಅತ್ತಿಗೆ, ಇದಕ್ಕೆ ಒಗ್ಗರಣೆ?"

"ಎಣ್ಣೆ ಇಲ್ಲ ಸುಕೇಶ."

"ಆ ಮೂಲೆಯಲ್ಲಿ ತೆಂಗಿನೆಣ್ಣೆ ಡಬ್ಬ ಉಂಟಲ್ಲ?"

"ಅದು ದೀಪಕ್ಕೆ," ಅಂದರು ಅತ್ತೆ.

"ದೀಪ ಅನ್ನ ಉಣ್ತದಾ ಅಮ್ಮ?"

"ಒಗ್ಗರಣೆ ಇಲ್ಲದೆ ಯಾರೂ ಸತ್ತದ್ದು ನಾನು ಕೇಳ್ಲಿಲ್ಲ."

"ಮಲ್ಪೆಯಲ್ಲಿ ಹುಟ್ಟಿ ಬೇಳೆ ಸಾರು, ಅದೂ ಬೋಳು! ಅಪ್ಪ ಇದ್ದಿದ್ರೆ ಮಂಜಿ ಹತ್ತಿ ಓಡಿಹೋಗ್ತಿದ್ರು."

ನವ್ಯಶ್ರೀ ಕಿಸಕ್ಕೆಂದು ನಕ್ಕಳು. ಅತ್ತೆಯ ತುಟಿಯೂ ಅಲುಗಿತು. ಆದರೆ ಡಬ್ಬ ಅಲುಗಲಿಲ್ಲ. ಆವತ್ತಿನಿಂದ ದೀಪದ ಬಟ್ಟಲಿಗೆ ಒಮ್ಮೆಗೆ ಎರಡೇ ಚಮಚ ಎಣ್ಣೆ. ರಾತ್ರಿ ಯಾರಾದರೂ ಎಚ್ಚರವಿದ್ದು ಹಾಕಬೇಕು. ಹನ್ನೆರಡರವರೆಗೆ ಅತ್ತೆಯ ಪಾಳಿ, ಆಮೇಲೆ ಆಶಾಲತಾಳದು. ಅತ್ತೆ ಖುಬ್ಬೂಸ್ ರೊಟ್ಟಿಯನ್ನು ಬರೀ ಉಪ್ಪು ಮೆಣಸಿನ ಜೊತೆ ತಿಂದು ತಮ್ಮ ಪಾಲಿನ ಸಾರನ್ನು ಮೊಮ್ಮಗಳ ತಟ್ಟೆಗೆ ಸುರಿಯುತ್ತಿದ್ದರು.

ಆಶಾಲತಾ ಆ ಬೆಂಕಿಕಡ್ಡಿಯ ಸದ್ದನ್ನು ಒಳಗೇ ಇಟ್ಟುಕೊಂಡಳು. ಅದೊಂದು ಆಯುಧ ಎಂದು ಅವಳಿಗೆ ಗೊತ್ತಿತ್ತು. ಯಾವಾಗ ತೆಗೆಯಬೇಕೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರಿನ ಎರಡನೇ ವಾರ ರಾಜಗೋಪಾಲರು ಬಂದರು. ಊರಿಗೆ ಹೋಗುವವರ ಪಟ್ಟಿ ಮಾಡುವ ಜವಾಬ್ದಾರಿ ಅವರು ಹೊತ್ತಿದ್ದರು. ಬಾಗ್ದಾದ್ ದಾರಿಯಾಗಿ ಜೋರ್ಡಾನ್ ಗಡಿಗೆ ಬಸ್ಸು, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನ.

"ನೋಡಿ ಪುರಂದರ, ನಮ್ಮವರಲ್ಲಿ ಮೂವತ್ತಾರು ಮನೆ ಹೊರಟಾಯ್ತು. ಇಪ್ಪತ್ಮೂರನೇ ತಾರೀಕು ನಮ್ಮ ಕೊನೇ ಬಸ್ಸು. ಆಮೇಲೆ ಏನಾಗತ್ತೋ ನಾನು ಹೇಳಕ್ಕಾಗಲ್ಲ. ಐದು ಜನದ ಹೆಸರು ಬರ್ಕೊಳ್ಲಾ?"

"ನಾಲ್ಕು ಬರ್ಕೊಳ್ಳಿ," ಅಂದರು ಅತ್ತೆ. "ನಾನು ದೀಪ ಬಿಟ್ಟು ಬರುದಿಲ್ಲ."

"ಕಲ್ಯಾಣಿಯಮ್ಮ, ಒಂದು ಮಾತು. ಇವತ್ತೇ ಮಂಗಳ ಹಾಡಿ ಮುಗಿಸಿಬಿಡೋಣ. ದೇವರೇನು ಬೇಜಾರು ಮಾಡ್ಕೊಳಲ್ಲ."

"ನಲವತ್ತು ಮನೆ ಸೇರಿ ಶುರು ಮಾಡಿದ್ದು. ಈಗ ನಾಲ್ಕು ಮನೆ ನಿಂತು ಮುಗಿಸುದಾ? ಬೇಡ ರಾಯರೇ. ಅದು ತಾನಾಗಿ ನಂದಿದ ದಿನ ದೇವರು ಅಪ್ಪಣೆ ಕೊಟ್ಟ ಅಂತ. ಆ ದಿನ ನಾನೂ ಏಳ್ತೇನೆ."

ಪುರಂದರ ಪೆನ್ನು ಹಿಡಿದಿದ್ದ ರಾಜಗೋಪಾಲರ ಕೈಯನ್ನು ಮೆಲ್ಲನೆ ತಡೆದ. "ಅಮ್ಮ ಬರದೆ ನಾನು ಹೇಗೆ ಹೊರಡುದು? ಎರಡು ದಿನ ಕೊಡಿ."

ಅವರು ಹೋದ ಮೇಲೆ ಸುಕೇಶ ರೇಗಿದ. "ಎರಡು ದಿನದಲ್ಲಿ ಅಮ್ಮ ಬದಲಾಗ್ತಾರಾ? ಅಣ್ಣ, ನೀನು ಎತ್ತಿಕೊಂಡು ಬಸ್ಸಿಗೆ ಹಾಕು. ಖಲಾಸ್."

"ನಿನ್ನ ಹೋಟೆಲಿನ ಅಕ್ಕಿ ಮೂಟೆಯಾ ಅವರು?"

"ಅಕ್ಕಿ ಮೂಟೆ ಆದ್ರೆ ಇಷ್ಟು ಹಟ ಮಾಡ್ತಿರ್ಲಿಲ್ಲ."

"ಅಜ್ಜಿ, ಪ್ಲೀಸ್," ಅಂದಳು ನವ್ಯಶ್ರೀ. "ಇಟ್ಸ್ ಜಸ್ಟ್ ಎ ಲ್ಯಾಂಪ್."

ಅತ್ತೆಗೆ ಆ ಇಂಗ್ಲಿಷು ಅರ್ಥವಾಯಿತೋ ಇಲ್ಲವೋ, ಎದ್ದು ತಟ್ಟೆಗಳನ್ನು ತೊಳೆಯಲು ಹೋದರು.

ಮೂರು ದಿನದ ನಂತರ, ಗಂಡಸರಿಬ್ಬರೂ ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದ ಹೊತ್ತಿನಲ್ಲಿ, ಇಬ್ಬರು ಸೈನಿಕರು ಗೇಟು ತಳ್ಳಿ ಅಂಗಳಕ್ಕೆ ಬಂದರು. ಆಶಾಲತಾಳ ಕಿವಿ ಮೊದಲೇ ಎಚ್ಚರಿಸಿತ್ತು. ಮಗಳನ್ನು ಅಕ್ಕಿ ಡ್ರಮ್ಮಿನ ಹಿಂದೆ ಕೂರಿಸಿ ಮೇಲೆ ಹಳೆ ಗುಡಾರದ ಬಟ್ಟೆ ಎಳೆದಿದ್ದಳು. ಸೈನಿಕರಿಗೆ ಬೇಕಾಗಿದ್ದು ನೀರು. ಒಬ್ಬನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಕೊಟ್ಟ ನೀರನ್ನು ಕುಡಿದು, ಲೋಟ ಕೆಳಗಿಡುವಾಗ ಅವನ ಕಣ್ಣು ಹೊಸ್ತಿಲ ಬಳಿಯಿದ್ದ ನವ್ಯಶ್ರೀಯ ಕೆಂಪು ಪಟ್ಟಿಯ ಚಪ್ಪಲಿಯ ಮೇಲೆ ನಿಂತಿತು. ಆ ಚಪ್ಪಲಿಯನ್ನು ನೋಡಿದ, ಆಶಾಲತಾಳ ಕಾಲನ್ನು ನೋಡಿದ, ಅತ್ತೆಯ ಕಾಲನ್ನು ನೋಡಿದ. ಇನ್ನೊಬ್ಬನಿಗೆ ಏನೋ ಹೇಳಿದ. ಇಬ್ಬರೂ ನಕ್ಕರು.

ಅಷ್ಟರಲ್ಲಿ ಮುಂದಿನ ಬಂಗಲೆಯ ಬಾಗಿಲಿಂದ ಉಮ್ ಸಾಲಿಂ ಕೋಲೂರಿಕೊಂಡು ಬಂದಳು. ಎಪ್ಪತ್ತೈದರ ಮುದುಕಿ, ಅರಬ್ಬಿಯಲ್ಲಿ ಏನು ಬೈದಳೋ, ತಾಯಿ ಮಗನಿಗೆ ಬೈದ ಹಾಗಿತ್ತು. ಹುಡುಗರು ತಲೆ ತಗ್ಗಿಸಿ ಹೋದರು. ಅವಳು ಅತ್ತೆಯ ಕಡೆ ತಿರುಗಿ, ತನಗೆ ಬರುವ ಹರಕು ಹಿಂದಿಯಲ್ಲಿ ಹೇಳಿದಳು, "ಕಲ್ಯಾಣಿ, ಇವತ್ತು ನೀರಿಗೆ ಬಂದ್ರು. ನಾಳೆ ನಾನು ಮಲಗಿರ್ತೇನೆ." ಆಮೇಲೆ ಕಪ್ಪು ಅಬಾಯದ ನಿಲುವಂಗಿಯ ಒಳಗಿಂದ ಒಂದು ಲಕೋಟೆ ತೆಗೆದುಕೊಟ್ಟಳು. ಕಫೀಲ್ ಆಗಿ ಇವರಿಗೆಲ್ಲ ವೀಸಾ ಕೊಡಿಸಿದ್ದ ಅವಳ ಮಗ ವಿದೇಶಕ್ಕೆ ಹೋಗುವ ಮೊದಲು ಕಪಾಟಿನಲ್ಲಿಟ್ಟಿದ್ದ ಐದು ಪಾಸ್‌ಪೋರ್ಟುಗಳು ಅದರಲ್ಲಿದ್ದವು.

ಆ ಸಂಜೆ ಆಶಾಲತಾ ಗಂಡನನ್ನು ಅಡುಗೆಮನೆಗೆ ಕರೆದಳು.

"ಇಪ್ಪತ್ಮೂರಕ್ಕೆ ನಾನು ನವ್ಯಾಳನ್ನು ಕರ್ಕೊಂಡು ಹೋಗ್ತೇನೆ. ನೀವು ಬನ್ನಿ, ಬಿಡಿ."

"ಅಮ್ಮನನ್ನು ಒಬ್ಬಳೇ ಬಿಟ್ಟು ಬಾ ಅಂತೀಯಾ?"

"ಹಾಗೆ ಹೇಳ್ಲಿಲ್ಲ."

"ಮತ್ತೆಂತ ಹೇಳಿದ್ದು? ನೀವಿಬ್ಬರೇ ಆ ದಾರಿಯಲ್ಲಿ ಹೋಗುದು, ನಾನು ಇಲ್ಲಿ ಕೂತು ಎಣ್ಣೆ ಹಾಕುದು. ಅದಾ?"

"ಹಾಗಾದ್ರೆ ಹೇಳಿ, ನಾಳೆ ಅವರು ಪುನಃ ಬಂದ್ರೆ ನಾನು ಅವಳನ್ನು ಎಲ್ಲಿ ಅಡಗಿಸುದು?"

ಅವನು ಖಾಲಿ ಎಣ್ಣೆ ಬಾಟಲಿಯನ್ನು ಸುಮ್ಮನೆ ಮಗುಚಿ ನೋಡಿದ. "ನಿಮ್ಮ ಅಮ್ಮನ ದೀಪ ನಂದುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ನಂಬುವುದಿಲ್ಲ. ನಂಬಿದರೆ ತಾಯಿಯ ಮುಖ ನೋಡುವುದಿಲ್ಲ. ಅವಳು ಬೇಳೆ ತೊಳೆದಳು.

ಇಪ್ಪತ್ತೊಂದರ ರಾತ್ರಿ ಅವಳು ತೀರ್ಮಾನ ಮಾಡಿಯೇ ಎದ್ದಳು. ತನ್ನ ಪಾಳಿಗೆ ಹೋಗುವುದು, ಅತ್ತೆ ಮಲಗಿದ ಮೇಲೆ ದೀಪವನ್ನು ಊದುವುದು. ಭಜನೆ ಕೋಣೆಯ ಬಾಗಿಲು ತಳ್ಳಿದಳು.

ಒಳಗೆ ಕತ್ತಲೆ. ಸುಟ್ಟ ಬತ್ತಿಯ ವಾಸನೆ.

"ಬಾ," ಅಂದರು ಅತ್ತೆ ಕತ್ತಲೆಯೊಳಗಿಂದ. "ಊದ್ಲಿಕ್ಕೆ ಬಂದದ್ದಾ?"

ಆಶಾಲತಾ ಹೊಸ್ತಿಲಲ್ಲೇ ಕೂತಳು.

"ಹೌದು ಅತ್ತೆ."

"ನಾನೂ ಹಾಗೇ ಅಂದುಕೊಂಡೆ. ನಿನ್ನ ಹೆಜ್ಜೆ ನನಗೆ ಗೊತ್ತಿಲ್ವಾ? ಅದು ಹತ್ತು ಗಂಟೆಗೇ ನಂದಿದೆ. ನಾನು ಹಚ್ಲಿಲ್ಲ."

"ಯಾವಾಗ್ಲೂ ಹಚ್ತಿದ್ರಿ. ನಾನು ನೋಡಿದ್ದೇನೆ."

"ನೋಡಿಯೂ ಇಷ್ಟು ದಿನ ಬಾಯಿ ಬಿಡ್ಲಿಲ್ಲ ನೀನು. ಗಟ್ಟಿ ಹೆಂಗಸು." ಅತ್ತೆಯ ದನಿಯಲ್ಲಿ ನಗು ಇತ್ತು. "ಹದಿನಾಲ್ಕು ವರ್ಷ ಅಂದ್ರೆ ಎಷ್ಟು ರಾತ್ರಿ ಮಾರಾಯ್ತಿ! ಗಾಳಿ ಬರ್ತದೆ, ಹಲ್ಲಿ ಬೀಳ್ತದೆ, ಮುದುಕಿಗೆ ಕಣ್ಣು ಹತ್ತುತ್ತದೆ. ನಂದದೆ ಇರ್ಲಿಕ್ಕೆ ಅದೇನು ಸೂರ್ಯನಾ?"

"ಮೊದಲನೇ ಸಲ ಯಾವಾಗ?"

ಅತ್ತೆ ಗೋಡೆಗೆ ಒರಗಿದ ಸದ್ದಾಯಿತು.

"ಎರಡನೇ ವರ್ಷದ ಸಪ್ತಾಹದಲ್ಲಿ. ನಿನ್ನ ಪಾಳಿ. ನವ್ಯಾಳಿಗೆ ಎರಡು ವರ್ಷ, ಮೈ ಸುಡುವ ಜ್ವರ. ನೀನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಲ್ಲೇ ನಿದ್ದೆ ಹೋಗಿದ್ದಿ, ಬಾಯಿ ತೆರೆದುಕೊಂಡು. ದೀಪ ನಂದಿತ್ತು. ಹೊರಗೆ ನಲವತ್ತು ಮನೆ ಹೆಂಗಸರು. ಬೆಳಕಾದ್ರೆ ನಿನ್ನನ್ನು ಹರಿದು ತಿಂತಿದ್ರು. ಮಾವ ಸತ್ತು ವರ್ಷ ಆಗುವಷ್ಟರಲ್ಲಿ ದೀಪ ಕಳೆದ ಸೊಸೆ ಅಂತ ಊರಿಗೆಲ್ಲ ಕಾಗದ ಬರೀತಿದ್ರು. ಕಡ್ಡಿ ಗೀರಿದೆ. ಮುಗೀತು."

ಆಶಾಲತಾಳಿಗೆ ಆ ರಾತ್ರಿ ನೆನಪಿತ್ತು. ಅತ್ತೆ ಹೆಗಲು ತಟ್ಟಿ ಎಬ್ಬಿಸಿ, "ಹೋಗು, ಮಗುವನ್ನು ಮಲಗಿಸು, ನನಗೆ ನಿದ್ದೆ ಬರುದಿಲ್ಲ," ಅಂದದ್ದು ನೆನಪಿತ್ತು. ಎದ್ದಾಗ ದೀಪ ಚೆನ್ನಾಗಿ ಉರಿಯುತ್ತಿತ್ತು. ಸಾಲಾಗಿ ಮಲಗಿದ ಮಕ್ಕಳನ್ನು ದಾಟಿ, ಬೋರೆ ಮರದ ಕೆಳಗಿನ ಗುಡಾರಕ್ಕೆ ಹೋಗಿ, ಆ ಮೆತ್ತನೆಯ ತಪ್ ತಪ್ ಕೇಳುತ್ತ ಮಲಗಿದ್ದಳು. ಬದುಕಿನಲ್ಲಿ ಅಷ್ಟು ನಿಶ್ಚಿಂತೆಯಿಂದ ಮತ್ತೆಂದೂ ಮಲಗಿದ್ದಿಲ್ಲ.

"ಈಗ ಯಾಕೆ ಹಚ್ಲಿಲ್ಲ ಅತ್ತೆ?"

"ಆ ಹುಡುಗ ಚಪ್ಪಲಿ ನೋಡಿದ್ದನ್ನು ನಾನೂ ನೋಡಿದೆ." ಅವರು ನೆಲದ ಮೇಲೆ ಏನನ್ನೋ ಸರಿಸಿದರು. "ಇದರಲ್ಲಿ ಮೂರು ಕಡ್ಡಿ ಉಂಟು. ಈಗ ಗಂಟೆ ಹನ್ನೆರಡು ದಾಟಿತು, ನಿನ್ನ ಪಾಳಿ. ಹಚ್ಚುದಾದ್ರೆ ಹಚ್ಚು. ಇಲ್ಲದಿದ್ರೆ ಬೆಳಿಗ್ಗೆ ನಾನೇ ಹೇಳ್ತೇನೆ, ನನ್ನ ಪಾಳಿಯಲ್ಲಿ ನಂದಿತು ಅಂತ."

ಆಶಾಲತಾ ಬೆಂಕಿಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ಬೆಳಗಿನವರೆಗೂ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕೂತಳು. ಹಚ್ಚಲಿಲ್ಲ.

ಬೆಳಿಗ್ಗೆ ಮೊದಲು ನೋಡಿದವನು ಪುರಂದರ. ಅವನ ಕೂಗಿಗೆ ಎಲ್ಲರೂ ಓಡಿಬಂದರು. ಅತ್ತೆ ಬಾಯಿ ತೆರೆಯುವ ಮೊದಲೇ ಆಶಾಲತಾ ಹೇಳಿದಳು, "ನನ್ನ ಪಾಳಿ. ಎರಡು ಗಂಟೆಗೆ ಕಣ್ಣು ಹತ್ತಿತು. ಎದ್ದು ನೋಡುವಾಗ ನಂದಿತ್ತು."

"ನಿನಗೆ ನಿದ್ದೆ ಬಂತಾ?" ಪುರಂದರ ಕಪ್ಪಾದ ಬತ್ತಿಯನ್ನು ಮುಟ್ಟಿ ನೋಡಿದ. "ಅಪ್ಪನ ದೀಪ. ಹದಿನಾಲ್ಕು ವರ್ಷ. ನಾಲ್ಕು ಗಂಟೆ ಎಚ್ಚರ ಇರ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ಅತ್ತಿಗೆಗೆ ನಿದ್ದೆಯಾ?" ಸುಕೇಶ ನಂಬದೆ ನೋಡಿದ. "ಹಲ್ಲಿ ಲೊಚಗುಟ್ಟಿದ್ರೆ ಏಳುವವರು!"

ಅತ್ತೆ, "ಪುರಂದರ, ಅದು—" ಎಂದು ಶುರು ಮಾಡಿದರು. ಆಶಾಲತಾ ಅವರನ್ನು ನೋಡಿದಳು. ಒಂದೇ ನೋಟ. ಅತ್ತೆ ಮಾತು ನುಂಗಿ, ಗೋಡೆ ಹಿಡಿದು ಎದ್ದರು. "ಅಪ್ಪಣೆ ಆಯ್ತು. ನನ್ನ ಎರಡು ಸೀರೆ ಕಟ್ಟು ಹೆಣ್ಣೇ," ಎಂದು ಮೊಮ್ಮಗಳಿಗೆ ಹೇಳಿದರು.

ಇಪ್ಪತ್ಮೂರಕ್ಕೆ ಹೊರಟರು. ಉಮ್ ಸಾಲಿಂ ಗೇಟಿನವರೆಗೆ ಬಂದು ಒಂದು ಡಬ್ಬ ಖರ್ಜೂರವನ್ನು ಅತ್ತೆಯ ಮಡಿಲಿಗೆ ಹಾಕಿದಳು. ಪುರಂದರ ಹೆಂಡತಿಯ ಜೊತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಗಡಿಯ ಮರಳಿನಲ್ಲಿ ಸಾವಿರಾರು ಗುಡಾರ. ಅಲ್ಲಿ ಸಪ್ತಾಹಕ್ಕೆ ಬರುತ್ತಿದ್ದ ಐದಾರು ಸಂಸಾರಗಳು ಸಿಕ್ಕಿದವು. ಸಂಜೆ ರಾಜಗೋಪಾಲರು ದನಿ ಎತ್ತಿದರು, ಸುಕೇಶ ಚೀಲದಿಂದ ತಾಳ ತೆಗೆದ. ಎಂದಿನಂತೆ ಅದರ ಬಟ್ಟೆಯನ್ನು ಬಿಗಿ ಮಾಡಲು ಹೋದವನು ತಡೆದು, ಸುತ್ತಲೂ ನೋಡಿ, ಅದನ್ನು ಬಿಚ್ಚಿ ಎಸೆದ. ಝಣ್ ಎಂದಿತು. ನವ್ಯಶ್ರೀ ಬೆಚ್ಚಿಬಿದ್ದಳು. "ಇದು ಇಷ್ಟು ಜೋರಾ ಅಜ್ಜಿ?" "ಇದೇ ಅದರ ಸ್ವರ ಮಗಾ," ಅಂದರು ಅತ್ತೆ. ಆಶಾಲತಾಳಿಗೆ ಮಾತ್ರ ಆ ಮೆತ್ತನೆಯ ತಪ್ ತಪ್ ಬೇಕೆನಿಸಿತು. ಅದು ಫಿಂಟಾಸಿನಲ್ಲೇ ಉಳಿದಿತ್ತು.

ಅತ್ತೆ ಫೆಬ್ರವರಿಯಲ್ಲಿ ಮಲ್ಪೆಯಲ್ಲಿ, ತಮ್ಮ ಒಡಹುಟ್ಟಿದವನ ಮನೆಯಲ್ಲಿ ತೀರಿಕೊಂಡರು. ರೇಡಿಯೋದಲ್ಲಿ ಯುದ್ಧದ ಸುದ್ದಿ ಬರುತ್ತಿತ್ತು. ಹೋಗುವ ನಾಲ್ಕು ದಿನ ಮೊದಲು ಸೊಸೆಯ ಕೈ ಹಿಡಿದು, "ಪುರಂದರನಿಗೆ ಹೇಳಿಬಿಡ್ಲಾ?" ಎಂದು ಕೇಳಿದ್ದರು. "ಬೇಡ ಅತ್ತೆ. ನಿಮ್ಮ ಹದಿನಾಲ್ಕು ವರ್ಷ ಹಾಗೇ ಇರ್ಲಿ," ಅಂದಿದ್ದಳು ಆಶಾಲತಾ.

ಆ ವರ್ಷದ ಕೊನೆಗೆ ಅವರು ಫಿಂಟಾಸಿಗೆ ಮರಳಿದರು. ಸೈನಿಕರು ಬಾಗಿಲುಗಳನ್ನು ಕಿತ್ತು ಉರಿಸಿದ್ದರು. ಇಳಿಮಾಡಿನ ಅರ್ಧ ಹಂಚು ಒಡೆದಿತ್ತು. ಬೋರೆ ಮರದ ಎಲೆಗಳ ಮೇಲೆ ಎಣ್ಣೆಬಾವಿಗಳ ಹೊಗೆಯ ಮಸಿ ಕೂತಿತ್ತು. ಆದರೂ ಮರ ಕಾಯಿ ಬಿಟ್ಟಿತ್ತು. ಉಮ್ ಸಾಲಿಂ ಕೋಲೂರಿಕೊಂಡು ಬಂದು, "ಕಲ್ಯಾಣಿ?" ಎಂದು ಕೇಳಿ, ಉತ್ತರ ಕೇಳುವ ಮೊದಲೇ ಅತ್ತಳು. ಡಿಸೆಂಬರಿಗೆ ಹದಿನೇಳು ಸಂಸಾರ ಸೇರಿತು. ತಾಳಗಳಿಗೆ ಮತ್ತೆ ಬಟ್ಟೆ ಸುತ್ತಿದರು. ಈ ಸಲ ಏಳೇ ದಿನ, ಏಳನೇ ದಿನ ಮಂಗಳ, ಎಂದು ಪುರಂದರನೇ ಹೇಳಿದ.

ಪಾಳಿ ಹಂಚುವಾಗ ಚಂದ್ರಪ್ರಭಾ ಚೀಟಿ ಹಿಡಿದು ಕೂತರು. "ಆಶಾ, ನಿಮಗೆ ಅಡುಗೆ. ದೀಪದ ಪಾಳಿ ಬೇಡಪ್ಪ, ನಿಮ್ಮ ನಿದ್ದೆ ಎಂಥದ್ದು ಅಂತ ಎಲ್ರಿಗೂ ಗೊತ್ತಲ್ಲ! ಪಾಪ, ಕಲ್ಯಾಣಿಯಮ್ಮ ಹದಿನಾಲ್ಕು ವರ್ಷ ಕಾದಿದ್ದನ್ನ ಒಂದೇ ರಾತ್ರೀಲಿ..." ಹೆಂಗಸರು ನಕ್ಕರು. ಕೆಟ್ಟ ನಗುವೇನಲ್ಲ. ಪುರಂದರ ಮುಖ ತಿರುಗಿಸಿಕೊಂಡ. ಆಶಾಲತಾ ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು.

ಅವಳ ಬದಲಿಗೆ ಹೊಸದಾಗಿ ಬಂದ ದೀಕ್ಷಿತಾಳಿಗೆ ಪಾಳಿ ಕೊಟ್ಟರು. ಕಾಪುವಿನ ಹುಡುಗಿ, ಕಂಕುಳಲ್ಲಿ ಐದು ತಿಂಗಳ ಕೂಸು.

ನಾಲ್ಕನೇ ರಾತ್ರಿ ಆಶಾಲತಾಳಿಗೆ ಎಚ್ಚರವಾಯಿತು. ಗುಡಾರಗಳಲ್ಲಿ ಎಲ್ಲರೂ ಮಲಗಿದ್ದರು. ಇಳಿಮಾಡಿನ ಕೆಳಗೆ ಹಾಡುವವರ ದನಿ ಜೋಂಪಿನಲ್ಲಿತ್ತು. ಒಳಗಿನ ಕೋಣೆಯಿಂದ ಟಕ್ ಎಂಬ ಸಣ್ಣ ಸದ್ದು ಬಂತು. ಮತ್ತೊಮ್ಮೆ, ಟಕ್. ಅಡುಗೆಮನೆಯ, ಉರಿ ಬರುವ ಗ್ಯಾಸ್ ಲೈಟರು. ಅವಳಿಗೆ ಅದು ಎಲ್ಲಿಂದ, ಯಾಕೆ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ.

ಒಳಗೆ ಹೋದಾಗ ದೀಪ ಆಗಷ್ಟೇ ನೆಟ್ಟಗೆ ನಿಲ್ಲುತ್ತಿತ್ತು. ದೀಕ್ಷಿತಾಳ ಒಂದು ಕೈಯಲ್ಲಿ ಲೈಟರು, ಇನ್ನೊಂದರಲ್ಲಿ ಅಳುವ ಕೂಸು. ಮುಖ ಬಿಳಿಚಿತ್ತು.

"ಅಕ್ಕ... ನೀವು... ನೋಡಿದ್ರಾ?"

"ಎಂತ ನೋಡ್ಲಿಕ್ಕೆ? ನಾನು ನೀರು ಕುಡೀಲಿಕ್ಕೆ ಎದ್ದದ್ದು." ಆಶಾಲತಾ ಕೂಸನ್ನು ಎತ್ತಿಕೊಂಡು ಮತ್ತೆ ಅವಳ ಮಡಿಲಿಗೇ ಸರಿಯಾಗಿ ಇಟ್ಟಳು. "ಹೋಗು, ಮಗುವನ್ನು ಮಲಗಿಸು. ನನಗೆ ಹೇಗೂ ನಿದ್ದೆ ಬರುದಿಲ್ಲ."

"ಚಂದ್ರಕ್ಕ ಕೇಳಿದ್ರೆ?"

"ಎಂತ ಕೇಳುದು? ಅವರು ಏಳುವ ಮೊದಲು ನಿನ್ನನ್ನು ಎಬ್ಬಿಸ್ತೇನೆ."

ಹುಡುಗಿ ಹೋದಳು. ಆಶಾಲತಾ ಲೈಟರನ್ನು ಅಡುಗೆಮನೆಯ ಅದರ ಮೊಳೆಗೆ ತೂಗುಹಾಕಿ ಬಂದಳು. ದೀಪಕ್ಕೆ ಎರಡು ಚಮಚ ಎಣ್ಣೆ ಹಾಕಿದಳು, ಆಮೇಲೆ ನೆನಪಾಗಿ, ಈಗ ಎಣ್ಣೆಗೆ ಬರವಿಲ್ಲವಲ್ಲ ಎಂದು ಬಟ್ಟಲು ತುಂಬಿಸಿದಳು. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹೊರಗೆ ತಾಳ ತಪ್ ತಪ್ ಎನ್ನುತ್ತಿತ್ತು. ಬೆಳಿಗ್ಗೆ ಹೆಂಗಸರು ಮತ್ತೆ ನಕ್ಕರೆ ನಗಲಿ. ಇವತ್ತಿನದನ್ನು ಅವಳು ಯಾರಿಗೂ ಹೇಳುವುದಿಲ್ಲ. ಆವತ್ತಿನದನ್ನೂ ಅಷ್ಟೇ.